‘ಇನ್ನೊಮ್ಮೆ ಹಚ್ಚಿ ಅಜ್ಜಾ’ ಅಂದರೆ ಅದು ಸಾಕ್ಷ್ಯಚಿತ್ರ ಆಗಲ್ವಾ?

ಕೊಪ್ಪಳದ ಬಿಸಿಲು:

ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಮ್ಮ ಅವ್ವನ ತವರು ಕಿನ್ನಾಳ. ಅಜ್ಜಿ ಮನೆಯ ಎದುರಿಗೇ ಮರದ ಗೊಂಬೆ ಮಾಡುವ ಚಿತ್ರಗಾರರ ಮನೆ. ಆ ಮನೆಯ ಅಜ್ಜನಿಗೆ ವಯಸ್ಸಾಗಿದೆ, ಆದರೆ ಗೊಂಬೆ ಮಾಡುವುದನ್ನು ಬಿಟ್ಟಿಲ್ಲ. ಅವರು ಒಂದು ಗರುಡನನ್ನು ಮಾಡುವುದನ್ನು ಮೊದಲಿಂದ ಕೊನೆತನಕ ತೆಗೆದು ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು ಅಂತ ನನ್ನ ಆಸೆ. ಕೈಯಲ್ಲಿರುವುದು ಒಂದು ಫೋನು, ಒಂದು ಕಾಲರ್ ಮೈಕು, ತಮ್ಮನ ಟ್ರೈಪಾಡು.

ಕಳೆದ ಭಾನುವಾರ ಕಿಟ್ಟ ಹಚ್ಚುವ ಕೆಲಸ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗೋಣಿಯ ಚಿಂದಿ ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದರೆ ಕಿಟ್ಟ. ಗೊಂಬೆಯ ಭಾಗಗಳನ್ನು ಜೋಡಿಸಿದ ಮೇಲೆ ಇದನ್ನು ಕೈಯಿಂದಲೇ ಮೈತುಂಬ ಮೆತ್ತುತ್ತಾರೆ. ಆಮೇಲೆ ಬಟ್ಟೆ ಚೂರು, ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಕೊನೆಗೆ ಬಣ್ಣ. ರೆಕ್ಕೆ ಹೆಗಲಿಗೆ ಸೇರುವ ಸಂದಿಯಲ್ಲಿ ಅಜ್ಜ ಹೆಬ್ಬೆರಳಿನಿಂದ ಕಿಟ್ಟ ಒತ್ತಿದರು. ಉಗುರಿನ ಬೆನ್ನಿನಿಂದ ಒಂದೇ ಸಲ ಎಳೆದರು. ಸಂದಿ ಎಲ್ಲಿತ್ತು ಅಂತಲೇ ತಿಳಿಯದ ಹಾಗೆ ಮುಚ್ಚಿಹೋಯಿತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಫೋನು ಬಿಸಿಯಾಗಿ ರೆಕಾರ್ಡಿಂಗ್ ನಿಂತಿತು. ಮೇ ತಿಂಗಳು, ತಗಡಿನ ಶೀಟಿನ ಕೆಳಗೆ ಕೂತಿದ್ದೆವು, ಇನ್ನೇನಾಗುತ್ತದೆ.

“ಅಜ್ಜಾ, ಇನ್ನೊಮ್ಮೆ ಹಚ್ಚಿ ತೋರಿಸ್ತೀರೇನ್ರೀ?” ಅಂದೆ. ನಕ್ಕರು. “ಹಚ್ಚಿದ್ದು ಹಚ್ಚಿದಂಗ ಆತು. ಇನ್ನೊಮ್ಮೆ ಅಂದ್ರ ಕಿತ್ತು ಹಚ್ಚಬೇಕು” ಅಂದರು. ಆದರೂ ನನ್ನ ಮುಖ ನೋಡಿ ಪಾಪ ಅನಿಸಿರಬೇಕು. ಎರಡನೇ ರೆಕ್ಕೆಯ ಸರದಿ ಬಂದಾಗ ಗೊಂಬೆಯನ್ನು ನನ್ನ ಕಡೆ ತಿರುಗಿಸಿಕೊಂಡು, ಕ್ಯಾಮೆರಾಗೆ ಕಾಣುವ ಹಾಗೆ ನಿಧಾನಕ್ಕೆ ಹಚ್ಚಿದರು. ಎಡಿಟಿಂಗ್‌ನಲ್ಲಿ ಅದನ್ನೇ ಮೊದಲನೇ ರೆಕ್ಕೆ ಅಂತ ಸೇರಿಸೋಣ ಅಂದುಕೊಂಡಿದ್ದೆ. ಗೆಳೆಯನಿಗೆ ಹೇಳಿದರೆ “ಅದು ನಾಟಕ ಆತು, ಸಾಕ್ಷ್ಯಚಿತ್ರ ಎಲ್ಲಿ ಉಳೀತು?” ಅಂದ.

ನೀವೇ ಹೇಳಿ. ಹೀಗೆ ಮಾಡಬಹುದಾ? ಮತ್ತೆ ಫೋನು ಬಿಸಿಯಾಗದ ಹಾಗೆ ಏನಾದರೂ ಉಪಾಯ ಇದೆಯಾ?

ಸಿಂಧನೂರು ಹುಡುಗಿ:

ಎರಡನೇದು ಸುಲಭ, ಅದನ್ನು ಮೊದಲು ಹೇಳಿಬಿಡುತ್ತೇನೆ. ಫೋನಿನ ಕವರ್ ತೆಗೆಯಿರಿ. ಏರೋಪ್ಲೇನ್ ಮೋಡ್ ಹಾಕಿ. 4ಕೆ ಬೇಡ, 1080 ಸಾಕು. ಶೂಟ್ ಮಾಡುತ್ತಾ ಚಾರ್ಜ್ ಹಾಕಬೇಡಿ, ಅದೇ ಅರ್ಧ ಬಿಸಿ. ಸ್ಕ್ರೀನ್ ಬೆಳಕು ಕಡಿಮೆ ಇಡಿ. ಫ್ರಿಜ್‌ನಲ್ಲಿ ಇಟ್ಟು ತಣ್ಣಗೆ ಮಾಡುವ ಬುದ್ಧಿವಂತಿಕೆ ಮಾತ್ರ ಬೇಡ, ಒಳಗೆ ನೀರು ಕಟ್ಟುತ್ತದೆ. ನಾನು ಮಾಡಿ ನೋಡಿದ್ದೇನೆ, ಅದಕ್ಕೇ ಹೇಳಿದ್ದು.

ಇನ್ನೊಂದು. ಟ್ಯೂಬ್‌ಲೈಟ್ ಇದ್ದರೆ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್. 30ರಲ್ಲಿ ತೆಗೆದರೆ ಕೆಲವು ಲೈಟಿನ ಕೆಳಗೆ ಚಿತ್ರ ಮಿಣುಕುತ್ತದೆ. ಆಮೇಲೆ ಸರಿಮಾಡಲು ಕೂತರೆ ಕಣ್ಣು ಹೋಗುತ್ತವೆ.

ಮೊದಲನೇ ಪ್ರಶ್ನೆಗೆ ದೊಡ್ಡವರು ಹೇಳಲಿ.

ಸುಮ್ನೆ ಓದುಗ:

ರಂಗನಟ ಬಳ್ಳಾರಿ ರಾಘವರು ಓಡಾಡಿದ ಸೀಮೆ ಇದು. ಅಜ್ಜ ಸ್ವಲ್ಪ ನಟನೆ ಮಾಡಿದರೆ ಅದೂ ಸಾಕ್ಷ್ಯವೇ ಬಿಡ್ರಿ 😄

ಸಂಡೂರು ಮೇಡಂ:

ನಿಮ್ಮ ಗೆಳೆಯರ ಲೆಕ್ಕದಲ್ಲಿ ಸಿನಿಮಾ ಹುಟ್ಟಿದ ದಿನವೇ ಕೆಟ್ಟಿತು. 1895ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಲೂಮಿಯೇರ್ ಅಣ್ಣತಮ್ಮಂದಿರು ತಮ್ಮ ಫ್ಯಾಕ್ಟರಿಯಿಂದ ಕೆಲಸಗಾರರು ಹೊರಗೆ ಬರುವುದನ್ನು ತೆಗೆದರು. ಒಂದು ನಿಮಿಷವೂ ಇಲ್ಲ. ಅದು ಒಂದಲ್ಲ, ಮೂರಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಅಂದರೆ ಆ ಜನ ಕ್ಯಾಮೆರಾಗಾಗಿ ಮೂರು ಸಲ ಮನೆಗೆ ಹೊರಟಿದ್ದಾರೆ!

ಆಮೇಲೆ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ. 1922ರ ‘ನಾನೂಕ್ ಆಫ್ ದ ನಾರ್ತ್’ ಬಿಟ್ಟು ಈ ಮಾತು ಮುಂದೆ ಹೋಗಲ್ಲ. ಕೆನಡಾದ ಹಿಮದ ನಾಡಿನ ಇನುಯಿಟ್ ಕುಟುಂಬದ ಕತೆ. ಈ ಮನುಷ್ಯ ಅದಕ್ಕೂ ಮೊದಲು ವರ್ಷಗಟ್ಟಲೆ ತೆಗೆದಿದ್ದ ಫಿಲ್ಮು ಒಂದು ಸಿಗರೇಟಿನ ಕಿಡಿಗೆ ಸುಟ್ಟುಹೋಗಿತ್ತು. ಆಗಿನ ನೈಟ್ರೇಟ್ ಫಿಲ್ಮು ಅಂದರೆ ಹಾಗೆ, ಒಮ್ಮೆ ಹತ್ತಿಕೊಂಡರೆ ಆರಿಸಲು ಬರಲ್ಲ. ಮತ್ತೆ ಹೋದ, ಮತ್ತೆ ತೆಗೆದ. ಇಡೀ ಚಿತ್ರವೇ ಒಂದು ‘ಇನ್ನೊಮ್ಮೆ’.

ಅದರಲ್ಲಿ ಹಿಮದ ಮನೆಯೊಳಗೆ ಮಲಗಿ ಏಳುವ ದೃಶ್ಯ ಇದೆ. ಆ ಮನೆ ಒಳಗೆ ಕತ್ತಲು. ಆಗಿನ ಫಿಲ್ಮಿಗೆ ಅಷ್ಟು ಬೆಳಕು ಸಾಲದು, ಕ್ಯಾಮೆರಾ ಹಿಡಿಸುವ ಜಾಗವೂ ಇಲ್ಲ. ಹಾಗಾಗಿ ದೊಡ್ಡದೊಂದು ಮನೆ ಕಟ್ಟಿಸಿ, ಒಂದು ಪಕ್ಕ ಕತ್ತರಿಸಿ ತೆಗೆದರು. ಪಾಪ, ಆ ಸಂಸಾರ ಬಯಲು ಚಳಿಯಲ್ಲಿ ಬೆಚ್ಚಗೆ ಮಲಗಿದ ಹಾಗೆ ಮಲಗಿತು. ಆ ಜನ ಅಷ್ಟು ಹೊತ್ತಿಗಾಗಲೇ ಬಂದೂಕು ಬಳಸುತ್ತಿದ್ದರು. ಬೇಟೆಗೆ ಮಾತ್ರ ಹಳೇ ಕಾಲದ ಈಟಿ ಹಿಡಿಸಿದ. ನಾಯಕನ ಹೆಸರೂ ನಾನೂಕ್ ಅಲ್ಲ, ಅಲ್ಲಕರಿಯಲ್ಲಕ್.

‘ಡಾಕ್ಯುಮೆಂಟರಿ’ ಅನ್ನುವ ಮಾತನ್ನು ಸಿನಿಮಾಕ್ಕೆ ಅಂಟಿಸಿದ ಜಾನ್ ಗ್ರಿಯರ್ಸನ್ 1926ರಲ್ಲಿ ಅದನ್ನು ಬಳಸಿದ್ದು ಇದೇ ಫ್ಲಾಹರ್ಟಿಯ ಮುಂದಿನ ಚಿತ್ರದ ಬಗ್ಗೆ ಬರೆಯುವಾಗ. ಅಂದರೆ ಹೆಸರಿಟ್ಟಿದ್ದೇ ‘ಇನ್ನೊಮ್ಮೆ ಮಾಡಿ’ ಅನ್ನುವವನ ಕೆಲಸ ನೋಡಿ.

ಗಂಗಾವತಿ ದೋಸ್ತ:

ಆ ಗೆಳೆಯ ನಾನೇ. ಇಲ್ಲಿಗೂ ಎಳೆದು ತಂದಿದ್ದಾನೆ.

ಮೇಡಂ, ದೊಡ್ಡವರು ಮಾಡಿದರು ಅಂತ ಸರಿ ಆಗಲ್ಲ ಅಲ್ವಾ? ನೀವು ಹೇಳಿದ್ದರಲ್ಲೇ ಎರಡು ಬೇರೆ ಬೇರೆ ಸಂಗತಿ ಇವೆ. ಗೋಡೆ ಕತ್ತರಿಸಿದ್ದು ಬೆಳಕಿಗಾಗಿ, ಒಪ್ಪಿದೆ. ಬಂದೂಕು ಬಚ್ಚಿಟ್ಟಿದ್ದು ಯಾವ ಬೆಳಕಿಗಾಗಿ? ಗೋಡೆ ಇಲ್ಲದಿದ್ದರೂ ಅವರು ಮಲಗುವುದು ಹಾಗೇ. ಆದರೆ ಈಟಿ ಕೊಟ್ಟ ಕೂಡಲೇ ಅವರು ಬದುಕುತ್ತಿದ್ದ ಕಾಲವೇ ಬೇರೆ ಆಗಿಹೋಯಿತು. ಅದು ಸುಳ್ಳು.

ಇವನು ಎರಡನೇ ರೆಕ್ಕೆಯನ್ನು ಎರಡನೇ ರೆಕ್ಕೆ ಅಂತ ತೋರಿಸಲಿ, ನನ್ನದೇನೂ ತಕರಾರಿಲ್ಲ. ಮೊದಲನೇದು ಅಂತ ಸೇರಿಸಬಾರದು, ಅಷ್ಟೇ.

ಕೊಪ್ಪಳದ ಬಿಸಿಲು:

ನೋಡಿ, ಚಹಾ ಕುಡಿಯುವಾಗ ಇಷ್ಟು ಬಿಡಿಸಿ ಹೇಳಲಿಲ್ಲ ಇವನು.

ರೀಲ್ ಕಾಕಾ, ಬಳ್ಳಾರಿ:

ತಮ್ಮಂದಿರೇ, ನಾನು ಸಿನಿಮಾ ತೆಗೆದವನಲ್ಲ, ತೋರಿಸಿದವನು. ಬಳ್ಳಾರಿಯ ಒಂದು ಟಾಕೀಸಿನಲ್ಲಿ ಹುಡುಗನಾಗಿದ್ದಾಗ ಸೇರಿ ಆಪರೇಟರ್ ಆಗಿ ರಿಟೈರ್ ಆದೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಆಗ ಪಿಕ್ಚರ್ ಶುರುವಾಗುವ ಮೊದಲು ಫಿಲ್ಮ್ಸ್ ಡಿವಿಜನ್ ರೀಲು ಬಿಡಲೇಬೇಕಿತ್ತು. ಲೈಸೆನ್ಸಿನ ಷರತ್ತು ಅದು. 1948ರಲ್ಲಿ ಬೊಂಬಾಯಿಯಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, 2022ರಲ್ಲಿ ಸರ್ಕಾರದ ಇನ್ನೊಂದು ಸಿನಿಮಾ ಸಂಸ್ಥೆ ಎನ್‌ಎಫ್‌ಡಿಸಿ ಜೊತೆ ಸೇರಿಸಿದ್ದಾರೆ. ಅಣೆಕಟ್ಟು, ಗೊಬ್ಬರ, ಸಿಡುಬಿನ ಲಸಿಕೆ, ಮಂತ್ರಿಗಳ ಮಾಲೆ, ಎಲ್ಲ ಅದರಲ್ಲಿ. ಜನಕ್ಕೆ ಅದು ಬೀಡಿ ಸೇದುವ ಹೊತ್ತು. ತಡವಾಗಿ ಬಂದವರು ಗೇಟಿನಲ್ಲಿ “ನ್ಯೂಸ್ ರೀಲ್ ಮುಗೀತೇನಪ್ಪಾ?” ಅಂತ ಕೇಳುತ್ತಿದ್ದರು. ಮುಗಿದಿಲ್ಲ ಅಂದರೆ ಸೋಡಾ ಕುಡಿಯಲು ಹೋಗುತ್ತಿದ್ದರು.

ನನಗೆ ಹೋಗಲು ಬರುತ್ತಿರಲಿಲ್ಲ. ದಿನಕ್ಕೆ ನಾಲ್ಕು ಆಟ, ಅದೇ ರೀಲು. 35 ಎಂಎಂನ ಸಾವಿರ ಅಡಿ ರೀಲು ಅಂದರೆ 11 ನಿಮಿಷ. ಮಷೀನಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳ ಅಂತರ ನೋಡಿಕೊಳ್ಳುತ್ತಾ, ಬಲ ಮೂಲೆಯಲ್ಲಿ ಚುಕ್ಕಿ ಬಂದ ಕೂಡಲೇ ಇನ್ನೊಂದು ಮಷೀನು ಶುರು ಮಾಡುತ್ತಾ, ಆ ಸಣ್ಣ ಕಿಂಡಿಯಲ್ಲಿ ಎಷ್ಟು ಸಲ ನೋಡಿದೆನೋ. ನೋಡುತ್ತಾ ನೋಡುತ್ತಾ ಒಂದು ಗೊತ್ತಾಯಿತು. ರೈತ ಮಾತಾಡುತ್ತಿರುತ್ತಾನೆ, ತುಟಿ ಅಲ್ಲಾಡುತ್ತದೆ. ಮಾತು ಮಾತ್ರ ಬೊಂಬಾಯಿಯಲ್ಲಿ ಕೂತವರದ್ದು. ಅವನೇನು ಹೇಳಿದನೋ ಆ ದೇವರಿಗೇ ಗೊತ್ತು. ಒಂದು ರೀಲಿನಲ್ಲಿ ಒಬ್ಬ ಮುದುಕ ಎತ್ತಿನ ಕೊರಳಿಗೆ ಕೈ ಹಾಕಿ ಏನೋ ಬಹಳ ಹೊತ್ತು ಹೇಳುತ್ತಾನೆ. ಮೇಲೆ ಧ್ವನಿ ಮಾತ್ರ ‘ಸುಧಾರಿತ ಬೇಸಾಯ’ ಅಂತ ಓದುತ್ತದೆ. ಅದು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ.

ನಿಮ್ಮ ಜಗಳ ಕೈಯದ್ದು. ನನಗೆ ಕೇಳಿದರೆ ಮಾತಿನದ್ದು ದೊಡ್ಡದು. ಅಜ್ಜನ ಕೈ ಇನ್ನೊಮ್ಮೆ ತೆಗೆದರೂ ನಡೆಯುತ್ತದೆ. ಅಜ್ಜನ ಮೇಲೆ ನಿಮ್ಮ ಮಾತು ಹೇರಬೇಡಿ.

ಇನ್ನು ಕ್ಯಾಮೆರಾ. ನಮ್ಮ ಟಾಕೀಸಿಗೆ ಬರುತ್ತಿದ್ದ ಒಬ್ಬರು ಸಾಹುಕಾರರ ಹತ್ತಿರ ಬೋಲೆಕ್ಸ್ ಇತ್ತು, 16 ಎಂಎಂ. ಬ್ಯಾಟರಿ ಇಲ್ಲ, ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಕೀ ಕೊಡಬೇಕು. ನನಗೂ ಒಮ್ಮೆ ತಿರುವಲು ಕೊಟ್ಟಿದ್ದರು. ಹೊಲಿಗೆ ಮಷೀನಿನ ಹಾಗೆ ಸದ್ದು. ಒಮ್ಮೆ ಪೂರ್ತಿ ಕೀ ಕೊಟ್ಟರೆ ಅರ್ಧ ನಿಮಿಷಕ್ಕೆ ಸ್ವಲ್ಪ ಕಡಿಮೆ ಓಡುತ್ತದೆ. 100 ಅಡಿಯ ಸುರುಳಿ ಮೂರು ನಿಮಿಷವೂ ಬರಲ್ಲ. ಅಂಥದ್ದರಲ್ಲಿ ಯಾರು ಕಾಯುತ್ತಾರೆ? “ಹೂಂ, ಈಗ ಮಾಡು” ಅನ್ನಲೇಬೇಕು. ‘ಇನ್ನೊಮ್ಮೆ’ ಅನ್ನುವುದು ಮನುಷ್ಯರ ಕೆಟ್ಟ ಬುದ್ಧಿ ಅಲ್ಲಪ್ಪಾ, ಆ ಕೀಯ ಬುದ್ಧಿ.

ಸುಮ್ನೆ ಓದುಗ:

ಕಾಕಾ, ಮೊಮ್ಮಗಳಿಗೆ ಒಂದು ನಮಸ್ಕಾರ.

ಮದುವೆ ಕ್ಯಾಮೆರಾ, ರಾಯಚೂರು:

ಈ ಚರ್ಚೆಗೆ ನಾನು ಬರದಿದ್ದರೆ ಹೇಗೆ? ‘ಇನ್ನೊಮ್ಮೆ’ ಅನ್ನುವುದೇ ನಮ್ಮ ಹೊಟ್ಟೆಪಾಡು. ಹಾರ ಇನ್ನೊಮ್ಮೆ ಹಾಕಿ, ಅಕ್ಷತೆ ಇನ್ನೊಮ್ಮೆ ಹಾಕಿ, ಮಾವನವರೇ ಒಂಚೂರು ಈ ಕಡೆ ನೋಡಿ. ತಾಳಿ ಮಾತ್ರ ಇನ್ನೊಮ್ಮೆ ಅಂತ ಒಂದೇ ಸಲ ಕೇಳಿದ್ದೆ. ಪುರೋಹಿತರು ನೋಡಿದ ನೋಟಕ್ಕೆ ಮತ್ತೆ ಬಾಯಿ ಬಿಟ್ಟಿಲ್ಲ.

ನಾನು ಶುರು ಮಾಡಿದ್ದು ವಿಎಚ್‌ಎಸ್‌ನಲ್ಲಿ. ಹೆಗಲ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಒಬ್ಬ ಹುಡುಗ ಸಾವಿರ ವ್ಯಾಟಿನ ಹ್ಯಾಲೋಜನ್ ಹಿಡಿದುಕೊಂಡು. ಆ ಬೆಳಕು ಬಿದ್ದ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಮಿನಿ ಡಿವಿ ಬಂದ ಮೇಲೆ ಲೆಕ್ಕ ಬದಲಾಯಿತು. ಒಂದು ಕ್ಯಾಸೆಟ್ 60 ನಿಮಿಷ, ಕ್ಯಾಮೆರಾ ಅಂಗೈ ಅಗಲ. ಮೂಲೆಯಲ್ಲಿ ಇಟ್ಟು ಆನ್ ಮಾಡಿ ಬಿಟ್ಟರೆ ಅರ್ಧ ಗಂಟೆಯಲ್ಲಿ ಜನ ಅದನ್ನು ಮರೆತುಬಿಡುತ್ತಿದ್ದರು. ನಾನು ತೆಗೆದದ್ದರಲ್ಲಿ ನನಗೆ ಇಷ್ಟವಾದದ್ದು ತಾಳಿಯೂ ಅಲ್ಲ, ಮೆರವಣಿಗೆಯೂ ಅಲ್ಲ. ಊಟದ ಪಂಕ್ತಿ ಮುಗಿದ ಮೇಲೆ ಮದುಮಗಳ ಅಪ್ಪ ಒಬ್ಬರೇ ಕೂತು ಉಳಿದ ತೆಂಗಿನಕಾಯಿ ಎಣಿಸುತ್ತಾರೆ. ಎಣಿಸುತ್ತಾರೆ, ಮರೆಯುತ್ತಾರೆ, ಮತ್ತೆ ಮೊದಲಿಂದ ಎಣಿಸುತ್ತಾರೆ. ಯಾರೂ ‘ಇನ್ನೊಮ್ಮೆ’ ಅಂದಿರಲಿಲ್ಲ.

ಕಾಕಾ ಹೇಳಿದ 11 ನಿಮಿಷ ನೋಡಿ ನಗು ಬಂತು. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂತಲ್ಲ, ಎಲ್ಲರೂ ಅದಕ್ಕೆ ಮುಗಿಬಿದ್ದೆವು. ಹಿಂದೆ ಮಬ್ಬು, ಮುಂದೆ ಮುಖ, ಥೇಟ್ ಸಿನಿಮಾ. ಅದರಲ್ಲಿ ಒಂದು ಸಲಕ್ಕೆ 12 ನಿಮಿಷ ಆದರೆ ಹೆಚ್ಚು, ಫೈಲು 4 ಜಿಬಿ ದಾಟುತ್ತಿರಲಿಲ್ಲ. ಕ್ಯಾಸೆಟ್‌ನ ಒಂದು ಗಂಟೆ ಬಿಟ್ಟು ಮತ್ತೆ ರೀಲಿನ ಕಾಲಕ್ಕೇ ಹೋದ ಹಾಗೆ! ಜನ ಮತ್ತೆ ಬೆನ್ನು ನೆಟ್ಟಗೆ ಮಾಡಲು ಶುರು ಮಾಡಿದರು.

ಬಿಸಿಲು ತಮ್ಮಾ, ಒಂದು ಮಾತು. ಆ ತೆಂಗಿನಕಾಯಿ ಎಣಿಸುವ ಕ್ಯಾಸೆಟ್ ಈಗ ಇಲ್ಲ. ಒಂದು ಗಂಟೆ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು, 13 ಜಿಬಿ ಆಗುತ್ತಿತ್ತು. ಎಲ್ಲಾ ಒಂದೇ ಹಾರ್ಡ್ ಡಿಸ್ಕಿಗೆ ಇಳಿಸಿ, ಕ್ಯಾಸೆಟ್‌ಗಳ ಮೇಲೆ ಬೇರೆ ಮದುವೆ ತೆಗೆದೆ. ಡಿಸ್ಕು ಒಂದು ದಿನ ಟಿಕ್ ಟಿಕ್ ಅಂದು ನಿಂತಿತು. ಡೇಟಾ ತೆಗೆದುಕೊಡುತ್ತೇವೆ ಅಂದವರು ದುಡ್ಡು ತೆಗೆದುಕೊಂಡರು, ಡಿಸ್ಕು ವಾಪಸ್ ಕೊಟ್ಟರು. ಮೂರು ಕಡೆ ಇಡು. ಒಂದು ಬೇರೆ ಊರಿನಲ್ಲಿ ಇರಲಿ.

ರೀಲ್ ಕಾಕಾ, ಬಳ್ಳಾರಿ:

ಫಿಲ್ಮೂ ಅಮರ ಅಲ್ಲ. ಡಬ್ಬಿ ತೆಗೆದಾಗ ಉಪ್ಪಿನಕಾಯಿ ಹುಳಿ ವಾಸನೆ ಬಂದರೆ ತಿಳಿದುಕೊಳ್ಳಿ, ಅದು ಸಾಯುತ್ತಿದೆ. ಅಸಿಟೇಟ್ ಫಿಲ್ಮು ಸೆಖೆಗೆ ವಿನೆಗರ್ ಬಿಡುತ್ತದೆ, ಆಮೇಲೆ ಒಣಗಿದ ಬಾಳೆ ಎಲೆಯ ಹಾಗೆ ಮುದುರುತ್ತದೆ. ಬಳ್ಳಾರಿ ಬಿಸಿಲಿಗೆ ಯಾವುದು ತಾನೇ ತಡೆಯುತ್ತದೆ.

ಸಿಂಧನೂರು ಹುಡುಗಿ:

ಒಂದು ಅನುಮಾನ. ಫೋನಿನಲ್ಲಿ ತೆಗೆದದ್ದನ್ನು ಯಾರಾದರೂ ಸಾಕ್ಷ್ಯಚಿತ್ರ ಅಂತ ಒಪ್ಪುತ್ತಾರಾ? ನನಗೆ ಒಬ್ಬರು ಮುಖಕ್ಕೆ ಹೊಡೆದ ಹಾಗೆ “ಇದು ರೀಲ್ಸ್ ಅಷ್ಟೇ” ಅಂದರು.

ಸಂಡೂರು ಮೇಡಂ:

ಒಪ್ಪದಿದ್ದರೆ ಅವರಿಗೆ 1974ರ ಬಿಹಾರದ ಕತೆ ಹೇಳಿ. ಸಾಕ್ಷ್ಯಚಿತ್ರ ಮಾಡುವ ಆನಂದ್ ಪಟವರ್ಧನ್ ಜಯಪ್ರಕಾಶ ನಾರಾಯಣರ ಚಳವಳಿ ತೆಗೆಯಲು ಹೋದಾಗ ಕೈಯಲ್ಲಿದ್ದದ್ದು ಸೂಪರ್ 8. ಆಗಿನ ಕಾಲಕ್ಕೆ ಅದು ಮನೆಮಂದಿಯ ಹುಟ್ಟುಹಬ್ಬ ತೆಗೆಯುವ ಕ್ಯಾಮೆರಾ. ತೆಗೆದದ್ದನ್ನು ಪರದೆ ಮೇಲೆ ಬಿಟ್ಟು, ಆ ಪರದೆಯನ್ನು 16 ಎಂಎಂ ಕ್ಯಾಮೆರಾದಲ್ಲಿ ಮತ್ತೆ ತೆಗೆದರು. ಚಿತ್ರ ಒರಟಾಗಿ ಬಂತು, ಆದರೆ ಬಂತು.

ಕಾಕಾ ಹೇಳಿದ ಮಾತಿನ ಸಂಗತಿಗೆ ಒಂದು ಸೇರಿಸುತ್ತೇನೆ. ರೈತನ ಮಾತು ಕೇಳದಿರಲು ಬರೀ ಬೊಂಬಾಯಿ ಕಾರಣ ಅಲ್ಲ. ಧ್ವನಿ ಹಿಡಿಯುವ ಯಂತ್ರ ಹೊಲಕ್ಕೆ ಹೊತ್ತೊಯ್ಯುವಷ್ಟು ಹಗುರ ಇರಲಿಲ್ಲ. ಕುಡೆಲ್ಸ್ಕಿ ಅನ್ನುವವರು ಸ್ವಿಟ್ಜರ್ಲೆಂಡಿನಲ್ಲಿ ನಾಗ್ರಾ ಟೇಪ್ ರೆಕಾರ್ಡರ್ ಮಾಡಿದರು. ಅದರ 1958ರ ಮಾದರಿ ಹೆಗಲಿಗೆ ಹಾಕಿಕೊಂಡು ಓಡಾಡುವಂಥದ್ದು. ಅದೇ ಸುಮಾರಿಗೆ ಸದ್ದು ಮಾಡದ ಹಗುರ ಕ್ಯಾಮೆರಾಗಳೂ ಬಂದವು. 1960ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಡ್ರೂ, ಲೀಕಾಕ್, ಪೆನ್ನೆಬೇಕರ್ ಗುಂಪು, ಫ್ರಾನ್ಸಿನಲ್ಲಿ ಜೀನ್ ರೂಶ್ ಇದನ್ನು ಹಿಡಿದು ಬೀದಿಗಿಳಿದರು.

ಮಜಾ ಏನೆಂದರೆ ಅವರ ನಡುವೆಯೂ ನಿಮ್ಮಿಬ್ಬರದೇ ಜಗಳ. ಅಮೆರಿಕದವರು “ಗೋಡೆ ಮೇಲಿನ ನೊಣದ ಹಾಗೆ ಇರಬೇಕು, ಏನೂ ಕೇಳಬಾರದು” ಅನ್ನುವವರು. ರೂಶ್ “ಕ್ಯಾಮೆರಾ ಇದೆ ಅಂತ ಎಲ್ಲರಿಗೂ ಗೊತ್ತು, ಸುಮ್ನೆ ಯಾಕೆ ಮುಚ್ಚಿಡುವುದು, ಕೇಳಿ, ಕೆಣಕಿ” ಅನ್ನುವವರು. 1961ರಲ್ಲಿ ಅವರು ಎಡ್ಗರ್ ಮೊರಾನ್ ಜೊತೆ ಮಾಡಿದ ಚಿತ್ರದ ಕೊನೆಯಲ್ಲಿ, ಅದರಲ್ಲಿ ಇದ್ದವರಿಗೇ ಚಿತ್ರ ತೋರಿಸಿ ಅವರು ಜಗಳವಾಡುವುದನ್ನೂ ತೆಗೆದಿದ್ದಾರೆ. ಫ್ಲಾಹರ್ಟಿ ಕೂಡ ಆ ಹಿಮದಲ್ಲೇ ಫಿಲ್ಮು ತೊಳೆದು, ಪ್ರಿಂಟ್ ಹಾಕಿ ಆ ಜನಕ್ಕೆ ತೋರಿಸುತ್ತಿದ್ದ. ಈಟಿಯ ಸುಳ್ಳಿನ ಜೊತೆಗೆ ಇದನ್ನೂ ಅವನ ಲೆಕ್ಕಕ್ಕೆ ಹಾಕಬೇಕು.

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳದೆ ಇರಲಾರೆ. ನಮ್ಮ ಪಕ್ಕದ ಹಂಪಿಯಲ್ಲಿ 1856ರಲ್ಲಿ ಗ್ರೀನ್‌ಲಾ ಅನ್ನುವ ಅಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಫೋಟೋ ತೆಗೆದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅನ್ನುವ ಫೋಟೋಗ್ರಾಫರ್, ಆ ಅಧಿಕಾರಿ ನಿಂತಿದ್ದ ಜಾಗ ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾವ ಕಂಬ ನಿಂತಿದೆ, ಯಾವುದು ಹೋಗಿದೆ ಅಂತ ಕಾಣುತ್ತದೆ. 127 ವರ್ಷದ ‘ಇನ್ನೊಮ್ಮೆ’ ಅದು. ಅದನ್ನು ಸುಳ್ಳು ಅನ್ನಲು ಬರುತ್ತಾ?

ಬಿಸಿಲು, ನೀವು ಇಷ್ಟೂ ಜನರನ್ನು ಕೇಳಿದಿರಿ. ಅಜ್ಜನಿಗೆ ತೋರಿಸಿದಿರಾ?

ಗಂಗಾವತಿ ದೋಸ್ತ:

ಗೋಲಿಂಗ್ಸ್ ಎರಡಕ್ಕೂ ಇಸವಿ ಹಾಕಿದ್ದಾರಲ್ಲ ಮೇಡಂ. ನಾನು ಹೇಳುತ್ತಿರುವುದೂ ಅದನ್ನೇ. ಆದರೆ ಅಜ್ಜನಿಗೆ ತೋರಿಸುವ ಮಾತು ನನಗೂ ಹೊಳೆದಿರಲಿಲ್ಲ.

ಕೊಪ್ಪಳದ ಬಿಸಿಲು:

ಇವತ್ತು ತೋರಿಸಿ ಬಂದೆ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ಅಜ್ಜನ ಮನೆಯ ಟಿವಿಗೆ ಫೋನಿನ ಕೇಬಲ್ ಹಾಕಿದೆ. ಮನೆಮಂದಿಯೆಲ್ಲ ಕೂತರು. ಮೊದಲು ನನ್ನ ಹೆಮ್ಮೆಯ ಎರಡನೇ ರೆಕ್ಕೆ ಬಿಟ್ಟೆ, ಬೆಳಕು ಚೆನ್ನಾಗಿತ್ತು, ಕೈ ಚೆನ್ನಾಗಿ ಕಾಣುತ್ತಿತ್ತು. ಅಜ್ಜ ಸ್ವಲ್ಪ ನೋಡಿ “ಇದು ಯಾರ ಕೈಯೋ? ಇಷ್ಟು ಸಾವಕಾಶ ಹಚ್ಚಿದ್ರ ಕಿಟ್ಟ ಒಣಗಿ ಹೋಗ್ತೈತಿ” ಅಂದರು. ಮೊಮ್ಮಕ್ಕಳು ನಕ್ಕವು. ದೋಸ್ತ, ನಿನಗೆ ಒಂದು ಚಹಾ ಬಾಕಿ.

ಆಮೇಲೆ ಮೊದಲನೇ ರೆಕ್ಕೆ, ಕಪ್ಪಾಗುವ ತನಕ. ಅದನ್ನು ಮೂರು ಸಲ ಹಾಕಿಸಿದರು. ಕಡೇ ಸಲ ಎದ್ದು ಟಿವಿ ಹತ್ತಿರ ಹೋಗಿ ಬೆರಳಿಟ್ಟರು. “ಇಲ್ನೋಡು. ಈ ರೆಕ್ಕಿ ಒಂದೆಳಿ ಕೆಳಗ ಕುಂತೈತಿ. ಎದುರಿಗೆ ಕುಂತಾಗ ಗೊತ್ತಾಗಿರಲಿಲ್ಲ.” ನನಗೆ ಎಷ್ಟು ನೋಡಿದರೂ ಕಾಣಲಿಲ್ಲ. ಅಜ್ಜ ಮಾತಾಡದೆ ಒಳಗೆ ಹೋದರು. ಗರುಡನ ಹೆಗಲಿಗೆ ಒದ್ದೆ ಬಟ್ಟೆ ಸುತ್ತಿ, ನೆಂದ ಮೇಲೆ ಚಾಕುವಿನಿಂದ ಕಿಟ್ಟ ಕೆರೆಯಲು ಕೂತರು.

ಸುಮ್ನೆ ಓದುಗ:

ತೆಗೆದೆಯಾ???

ಕೊಪ್ಪಳದ ಬಿಸಿಲು:

ಕೇಬಲ್ ಕಿತ್ತು ಓಡಿದೆ. ಚಾರ್ಜ್ ನಾಲ್ಕೇ ಪರ್ಸೆಂಟ್ ಇತ್ತು. ವಿಡಿಯೋ ಹಾಕಿದರೆ ನಡುವೆಯೇ ಸಾಯುತ್ತದೆ ಅಂತ ಧ್ವನಿ ಮಾತ್ರ ಹಾಕಿ ಪಕ್ಕದಲ್ಲಿಟ್ಟೆ. ಆರು ನಿಮಿಷ ಸಿಕ್ಕಿದೆ. ಚಾಕು ಕೆರೆಯುವ ಸದ್ದು ಇದೆ. ಬಟ್ಟಲಲ್ಲಿ ಕಿಟ್ಟ ಕಲಸುವುದಿದೆ. ಹೊರಗೆ ಯಾರೋ ಹಾಲಿನವರು ಕೂಗಿದ್ದಿದೆ. ಕೊನೆಗೆ ಅಜ್ಜ ತಮ್ಮಷ್ಟಕ್ಕೆ ತಾವೇ “ಹಾಂ, ಈಗ ಕುಂತ್ತು” ಅಂದದ್ದಿದೆ.